ಉಲ್ಕೆಯ ಏಟಿಗೆ ಹುಟ್ಟಿದ ಹಸಿರು ಗಾಜು

ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಕಳೆದ ವರ್ಷ ಕೊರಿಯರ್‌ನಲ್ಲಿ ಹೆಬ್ಬೆರಳ ಉಗುರಿನಷ್ಟಗಲದ ಒಬ್ಬ ಗಣಪ ಬಂದ. ಎಲೆಹಸಿರು ಮೈ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತಿಳಿ. ಜೊತೆಗಿದ್ದ ಚೀಟಿಯಲ್ಲಿ ‘ಅಪ್ಪಟ ಮೋಲ್ಡವೈಟ್ ಉಲ್ಕಾಶಿಲೆ’ ಎಂದಿತ್ತು. ಅವ್ವ ಒಮ್ಮೆ ಹೊರಳಿಸಿ ನೋಡಿ, “ಗೋಲಿ ಸೋಡಾ ಬಾಟ್ಲಿ ಒಡದು ಮಾಡ್ಯಾರೇನಪ್ಪಾ ಇದನ್ನ?” ಅಂದಳು. ಅವಳ ಅನುಮಾನ ಎಷ್ಟು ನಿಜವಾಯಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಚೀಟಿಯ ತಪ್ಪು ತಿದ್ದಬೇಕು.

ಮೋಲ್ಡವೈಟ್ ಉಲ್ಕಾಶಿಲೆಯಲ್ಲ. ಉಲ್ಕೆಯಿಂದ ಏಟು ತಿಂದ ನಮ್ಮದೇ ಭೂಮಿಯ ಮಣ್ಣು ಅದು. ಸುಮಾರು 1.48 ಕೋಟಿ ವರ್ಷಗಳ ಹಿಂದೆ ಇಂದಿನ ಜರ್ಮನಿಯ ಬವೇರಿಯಾದಲ್ಲಿ ಆಕಾಶಬಂಡೆಯೊಂದು ಅಪ್ಪಳಿಸಿ, 24 ಕಿಲೋಮೀಟರ್ ಅಗಲದ ರೀಸ್ ಕುಳಿ ಉಂಟಾಯಿತು. ಆ ಕುಳಿಯೊಳಗೇ ಈಗ ನೋರ್ಡ್ಲಿಂಗನ್ ಎಂಬ ಪಟ್ಟಣವಿದೆ. ಅಲ್ಲಿನ ಸೇಂಟ್ ಜಾರ್ಜ್ ಚರ್ಚನ್ನು ಕಟ್ಟಿದ್ದು ಅದೇ ಏಟಿಗೆ ಪುಡಿಯಾಗಿ, ಕರಗಿ, ಮತ್ತೆ ಗಟ್ಟಿಯಾದ ಕಲ್ಲಿನಿಂದ. ಬಹುಕಾಲ ಜನ ಆ ಕುಳಿಯನ್ನು ಸತ್ತ ಜ್ವಾಲಾಮುಖಿ ಎಂದೇ ತಿಳಿದಿದ್ದರು. 1960ರಲ್ಲಿ ಯೂಜೀನ್ ಶೂಮೇಕರ್ ಮತ್ತು ಎಡ್ವರ್ಡ್ ಚಾವೊ ಅಲ್ಲಿನ ಕಲ್ಲಿನಲ್ಲಿ ಕೋಸೈಟ್ ಖನಿಜವನ್ನು ಗುರುತಿಸಿದ ಮೇಲೆ ಜ್ವಾಲಾಮುಖಿಯ ಮಾತು ಮುಗಿಯಿತು. ಭಾರೀ ಒತ್ತಡವಿಲ್ಲದೆ ಆ ಖನಿಜ ಹುಟ್ಟುವುದಿಲ್ಲ. 1970ರಲ್ಲಿ ಅಪೊಲೊ ಗಗನಯಾತ್ರಿಗಳು ಚಂದ್ರನ ಕಲ್ಲು ಗುರುತಿಸುವ ಪಾಠ ಕಲಿಯಲು ಇಲ್ಲಿಗೇ ಬಂದಿದ್ದರು.

ಏಟು ಬಿದ್ದ ಕ್ಷಣದಲ್ಲಿ ಮೇಲ್ಪದರದ ಮರಳು ಕರಗಿ, ಹನಿಹನಿಯಾಗಿ ಪೂರ್ವಕ್ಕೆ ನೂರಾರು ಕಿಲೋಮೀಟರ್ ಹಾರಿ, ಹಾರುತ್ತಲೇ ಗಾಜಾಗಿ, ಇಂದಿನ ಜೆಕ್ ದೇಶದ ಬೊಹೀಮಿಯಾ ಮತ್ತು ಮೊರಾವಿಯಾದ ನೆಲದ ಮೇಲೆ ಸುರಿಯಿತು. ಅಲ್ಲಿನ ವ್ಲ್ತಾವಾ ನದಿಗೆ ಜರ್ಮನ್ ಭಾಷೆಯಲ್ಲಿ ಮೋಲ್ಡಾವ್ ಎನ್ನುತ್ತಾರೆ. ಕಲ್ಲಿಗೆ ಹೆಸರು ಬಂದದ್ದು ಅಲ್ಲಿಂದ. 1786ರಲ್ಲಿ ಪ್ರಾಗ್‌ನ ಯೋಸೆಫ್ ಮಾಯರ್ ಇದನ್ನು ವಿದ್ವಾಂಸರ ಮುಂದಿಟ್ಟಾಗ ಅದೊಂದು ರತ್ನವೆಂದೇ ಭಾವಿಸಿದ್ದರು. ಹಳೆಯ ಗಾಜಿನ ಕುಲುಮೆಗಳ ಕಸ ಎಂದು ವಾದಿಸಿದವರೂ ಇದ್ದರು. ಅವ್ವನ ಪಕ್ಷದವರು!

ಇದರಲ್ಲಿ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ಕೆತ್ತನೆ. ಮನುಷ್ಯನ ಕೆತ್ತನೆಯಲ್ಲ, ನೆಲದ್ದು. ಲಕ್ಷಾಂತರ ವರ್ಷ ಮರಳು ಜಲ್ಲಿಯ ನಡುವೆ ಹೂತಿದ್ದ ಗಾಜನ್ನು ನೆಲದ ನೀರು ಒಂದೇ ಸಮ ಕೊರೆದಿದೆ. ಮೇಲ್ಮೈ ತುಂಬ ಗೆರೆ, ಗುಳಿ, ಏಣು. ಬೆಸೆಡ್ನಿಟ್ಸೆ ಎಂಬ ಊರಿನ ತುಂಡುಗಳು ಎಷ್ಟು ಮುಳ್ಳುಮುಳ್ಳಾಗಿವೆಯೆಂದರೆ, ಸಂಗ್ರಾಹಕರು ಅವನ್ನು ‘ಮುಳ್ಳುಹಂದಿ’ ಎಂದೇ ಕರೆಯುತ್ತಾರೆ. ಜರೀಗಿಡದ ಎಲೆ ಗಾಜಾದಂತೆ ಕಾಣುವ ತುಂಡುಗಳೂ ಉಂಟು. ಇಂಥದ್ದನ್ನು ಸಾಣೆಗೆ ಹಿಡಿದು ಗಣಪನನ್ನೋ ಬುದ್ಧನನ್ನೋ ಮಾಡುವುದೆಂದರೆ ಮೊದಲೇ ಇದ್ದ ಶಿಲ್ಪವನ್ನು ಉಜ್ಜಿ ಅಳಿಸಿದಂತೆ. ಹಾಗಾಗಿ ಒಳ್ಳೆಯ ಕೆಲಸಗಾರರು ಮೈ ಸವೆದ, ಒಡೆದ ತುಂಡುಗಳನ್ನೇ ಕೆತ್ತನೆಗೆ ಆರಿಸಬೇಕು, ಒಂದು ಬದಿಯನ್ನಾದರೂ ಮುಟ್ಟದೆ ಬಿಡಬೇಕು ಎಂಬುದು ನನ್ನ ಹಟ.

ಕೆತ್ತುವುದಾದರೂ ಸುಲಭವಲ್ಲ. ನಮ್ಮ ಪಕ್ಕದ ಹರಿಹರದಲ್ಲಿ 1224ರ ಹರಿಹರೇಶ್ವರ ದೇವಸ್ಥಾನದ ಕಂಬಗಳ ನುಣುಪು ನೋಡಿದವರಿಗೆ ಉಳಿಯ ಮಹಿಮೆ ಗೊತ್ತು. ಗಾಜಿಗೆ ಉಳಿ ನಡೆಯುವುದಿಲ್ಲ. ಬಡಿದರೆ ಚಿಪ್ಪಿನಾಕಾರದಲ್ಲಿ ಚಕ್ಕೆ ಏಳುತ್ತದೆ. ವಜ್ರದ ಪುಡಿ ಹತ್ತಿಸಿದ ಪುಟ್ಟ ಚಕ್ರದಲ್ಲಿ, ನೀರು ಬಿಡುತ್ತಾ, ಕೂದಲೆಳೆಯಷ್ಟೇ ತೇಯುತ್ತಾ ಹೋಗಬೇಕು. ಗಡಸುತನ ಮೋಸ್ ಮಾಪನದಲ್ಲಿ 5.5ರ ಆಸುಪಾಸು. ಹೊಳಪು ಕೊಡುವಾಗ ಕಾವು ಹೆಚ್ಚಿದರೆ ಕಲ್ಲು ಸೀಳಿದಂತೆಯೇ. ರತ್ನದ ಕೆಲಸ ಕಲಿಸಲೆಂದು ಜೆಕ್ ನಾಡಿನ ತುರ್ನೋವ್‌ನಲ್ಲಿ 1884ರಲ್ಲೇ ಶಾಲೆ ತೆರೆದಿದ್ದಾರೆ.

ಉಲ್ಕೆಯ ಗಾಜಿನ ಕೆತ್ತನೆಗಳಲ್ಲಿ ಲೋಕಪ್ರಸಿದ್ಧವಾದದ್ದು ಮಾತ್ರ ಈಜಿಪ್ಟಿನದು. 1922ರಲ್ಲಿ ಹೋವರ್ಡ್ ಕಾರ್ಟರ್ ತೆರೆದ ಟುಟಾಂಖಾಮನ್ ಸಮಾಧಿಯಲ್ಲಿ ಎದೆಪದಕವೊಂದಿತ್ತು. ಅದರ ನಡುವೆ ತಿಳಿಹಳದಿ ಜೀರುಂಡೆ. ಕಾರ್ಟರ್ ಅದನ್ನು ಕ್ಯಾಲ್ಸೆಡೊನಿ ಕಲ್ಲೆಂದು ಬರೆದುಕೊಂಡ. ಇಟಲಿಯ ವಿನ್ಚೆನ್ಜೊ ದೆ ಮಿಕೇಲೆ 1990ರ ದಶಕದಲ್ಲಿ ಪರೀಕ್ಷಿಸಿ, ಅದು ಲಿಬಿಯಾ ಮರುಭೂಮಿಯ ಗಾಜು ಎಂದು ತೋರಿಸಿದರು. ಸುಮಾರು 2.9 ಕೋಟಿ ವರ್ಷ ಹಳೆಯ, ಶೇ 98ರಷ್ಟು ಸಿಲಿಕಾ ಇರುವ ಗಾಜು. ಅದನ್ನು ಹುಟ್ಟಿಸಿದ ಕುಳಿ ಇಂದಿಗೂ ಸಿಕ್ಕಿಲ್ಲ.

ಇನ್ನು ನಮ್ಮ ಗಣಪನ ವಿಚಾರ. 1891ರ ಪ್ರಾಗ್ ವಸ್ತುಪ್ರದರ್ಶನದ ನಂತರ ಮೋಲ್ಡವೈಟ್ ಒಡವೆಗಳು ಫ್ಯಾಷನ್ ಆದವು. ಬೆನ್ನಿಗೇ ಹಸಿರು ಬಾಟಲಿ ಗಾಜಿನ ನಕಲಿಗಳೂ ಬಂದವು. ಈಚೆಗೆ ಟಿಕ್‌ಟಾಕ್‌ನಲ್ಲಿ ಹುಚ್ಚೆದ್ದ ಮೇಲೆ ಬೆಲೆಯೂ ಮೋಸವೂ ಒಟ್ಟಿಗೇ ಏರಿವೆ. ಇದೇ ಚಿಂತಾಮಣಿ ಎಂದು ಮಾರುವವರೂ ಇದ್ದಾರೆ. (ನಮಗೆ ಗೊತ್ತಿರುವ ಚಿಂತಾಮಣಿಗೆ ಬೆಂಗಳೂರಿನಿಂದ ಬಸ್ಸಿದೆ.) ಅತ್ತ ಬೊಹೀಮಿಯಾದ ಕಾಡುಗಳಲ್ಲಿ ಕದ್ದು ಅಗೆಯುವವರು ಮರಗಳ ಬೇರು ಕಡಿದು ಗುಂಡಿ ಬಿಟ್ಟು ಹೋಗುತ್ತಾರೆ.

ಮಂಡಿಪೇಟೆಯ ಪತ್ತಾರರೊಬ್ಬರ ಬಳಿ ಹೋದೆ. ಅವರ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಗಣಪ 5 ಗ್ರಾಂ ತೂಗಿದ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಗಣಪನನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದಂತೆ ನೀರಿಗೆ ಇಳಿಬಿಟ್ಟೆವು. ತಕ್ಕಡಿ 2 ಗ್ರಾಂ ತೋರಿಸಿತು. 5ನ್ನು 2ರಿಂದ ಭಾಗಿಸಿದರೆ 2.5: ಬಾಟಲಿ ಗಾಜಿನ ಸಾಂದ್ರತೆ. ಮೋಲ್ಡವೈಟ್ ಆಗಿದ್ದರೆ ಸುಮಾರು 2.35 ಬರಬೇಕಿತ್ತು. ಭೂತಗನ್ನಡಿಯಲ್ಲೂ ನೋಡಿದೆವು. ಅಸಲಿ ಕಲ್ಲಿನೊಳಗೆ ಬರಿಯ ಗುಳ್ಳೆಗಳಲ್ಲದೆ ಎರೆಹುಳುವಿನಂತೆ ಸುತ್ತಿಕೊಂಡ ಸಿಲಿಕಾ ಎಳೆಗಳೂ ಕಾಣುತ್ತವೆ. ನಮ್ಮ ಗಣಪನ ಹೊಟ್ಟೆಯಲ್ಲಿ ದುಂಡನೆಯ ಗುಳ್ಳೆಗಳಷ್ಟೇ ಇದ್ದವು. ಪತ್ತಾರರು ನಕ್ಕು, “ಕೆಲಸ ಮಾತ್ರ ಛಲೋ ಐತ್ರಿ” ಎಂದರು.

ಹತ್ತಿರದಲ್ಲೇ ಇಂಥ ಗಾಜು ಇಲ್ಲವೇ ಎಂದು ಕೇಳುವವರಿಗೆ ಮಹಾರಾಷ್ಟ್ರದ ಲೋಣಾರ್ ಇದೆ. ಬಸಾಲ್ಟ್ ಬಂಡೆಯಲ್ಲಿ ಉಲ್ಕೆ ಕೊರೆದ, 1.8 ಕಿಲೋಮೀಟರ್ ಅಗಲದ ಕುಳಿ. ಬಸಾಲ್ಟ್ ಕರಗಿದರೆ ಬರುವುದು ಕಪ್ಪು ಗಾಜು, ಒಡವೆಗೆ ಆಗುವಂಥದ್ದಲ್ಲ. ಮೇಲಾಗಿ ಅದು ಸಂರಕ್ಷಿತ ಜಾಗ. ನೋಡಿ ಬರಬೇಕು, ಆರಿಸಿಕೊಂಡು ಬರುವಂತಿಲ್ಲ.

ಉಲ್ಕೆಯ ಏಟಿಗೆ ಹುಟ್ಟಿ ಹಾರಿಬಿದ್ದ ಇಂಥ ಗಾಜಿಗೆ ಟೆಕ್ಟೈಟ್ ಎನ್ನುತ್ತಾರೆ. ಅದನ್ನು ಕೊಳ್ಳಹೊರಟ ಹೊಸಬರು ಥಾಯ್ಲೆಂಡ್ ಕಡೆಯ ಕಪ್ಪು ಟೆಕ್ಟೈಟ್‌ನಿಂದ ಶುರುಮಾಡುವುದು ವಾಸಿ. ಸುಮಾರು 7.9 ಲಕ್ಷ ವರ್ಷಗಳ ಹಿಂದೆ ಆಗ್ನೇಯ ಏಷ್ಯಾದಿಂದ ಆಸ್ಟ್ರೇಲಿಯಾದವರೆಗೆ ಸುರಿದ ಗಾಜು ಅದು. ಬೇಕಾದಷ್ಟು ಸಿಗುತ್ತದೆ, ಅಗ್ಗ. ನಕಲಿ ಮಾಡುವ ಶ್ರಮಕ್ಕೆ ಲಾಭವಿಲ್ಲ. ನಾನೂ ಕೆತ್ತದ ಒಂದನ್ನು ತರಿಸಿದೆ. ಜೋರು ಟಾರ್ಚಿಗೆ ಹಿಡಿದರೆ ತೆಳು ಅಂಚು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಟೇಬಲ್ ಮೇಲಿಟ್ಟಿದ್ದೆ. ಅವ್ವ ಜಲ್ಲಿ ಅಂದುಕೊಂಡು ಮೊರದಲ್ಲಿ ಹಾಕಿಕೊಂಡು ಅಂಗಳದವರೆಗೂ ಹೋಗಿದ್ದಳು.