ಗೋಡೆಯ ಬಿರುಕು ಏನು ಹೇಳುತ್ತದೆ?

ಗೋಡೆಯಲ್ಲಿ ಬಿರುಕು ಕಾಣಿಸಿಕೊಂಡೊಡನೆ ಗೌಂಡಿಯನ್ನು ಕರೆಸಿ ಅದನ್ನು ಮುಚ್ಚಿಸುವುದು ಗೃಹಸ್ಥರ ವಾಡಿಕೆ. ನಾಡಿಯನ್ನು ನೋಡದೆ ಔಷಧ ಕೊಟ್ಟಂತೆ ಇದು. ಮನೆಗೆ ವಿಮೆ ಇದ್ದರಂತೂ ಈ ಅವಸರದಿಂದ ಹಾನಿ ಇಮ್ಮಡಿಯಾಗುತ್ತದೆ. ಏಕೆಂದರೆ ಬಿರುಕಿನೊಡನೆ ಅದರ ಸಾಕ್ಷ್ಯವೂ ಮುಚ್ಚಿಹೋಗುತ್ತದೆ. ಎಷ್ಟು ಹಾಳಾಯಿತೆಂದು ಕೇಳುವ ಮೊದಲು, ಯಾವುದರಿಂದ ಹಾಳಾಯಿತೆಂದು ವಿಮಾ ಸಂಸ್ಥೆ ಕೇಳುತ್ತದೆ. ಆ ಪ್ರಶ್ನೆಗೆ ಉತ್ತರವನ್ನು ಗೋಡೆಯಲ್ಲಿಯೇ ಓದುವ ಬಗೆ ಹೇಗೆಂಬುದನ್ನು ನಾವಿಲ್ಲಿ ವಿಚಾರಿಸೋಣ.

ವಿಜಯಪುರ ಜಿಲ್ಲೆಯ ಗೊಳಸಂಗಿಯ ಸೀಮೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೃಷ್ಣೆಯ ಉತ್ತರಕ್ಕಿರುವ ಈ ಭಾಗದಲ್ಲಿ ಮನೆಯನ್ನು ನೆಲವೂ ಮಳೆಯೂ ಬಿಸಿಲೂ ಪರೀಕ್ಷಿಸುತ್ತವೆ. ಅಪರೂಪಕ್ಕೆ ಭೂಕಂಪವೂ ಪರೀಕ್ಷಿಸುತ್ತದೆ. ಇವುಗಳಲ್ಲಿ ಪ್ರತಿಯೊಂದೂ ಬೇರೆ ಬೇರೆ ಗುರುತನ್ನು ಬಿಟ್ಟುಹೋಗುವುದುಂಟು.

ಮೊದಲನೆಯದು ಎರೆಭೂಮಿ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಅದರ ತೆಳುವಾದ ಪದರಗಳ ನಡುವೆ ನೀರಿನ ಅಣುಗಳು ಸೇರಿದಾಗ ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಕುಗ್ಗಿ ಬಾಯಿಬಿಡುತ್ತದೆ. ಅಡಿಪಾಯವು ಆಳವಿಲ್ಲದಿದ್ದರೆ ಮನೆಯೂ ಅದರೊಡನೆ ಏರಿಳಿಯುವುದು. ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟು, ಋತುವಿಗನುಸಾರವಾಗಿ ಅಗಲವಾಗುತ್ತ ಕಿರಿದಾಗುತ್ತ ಇರುವ ಬಿರುಕು ಇದರ ಲಕ್ಷಣ. ಬಿರುಕು ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಗೋಡೆಯ ತುದಿ ಕುಸಿದಿದೆಯೆಂದು ಶಂಕಿಸಬೇಕು.

ಎರಡನೆಯದು ಮಳೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದ ಅಸಂಖ್ಯಾತ ಮಣ್ಣಿನ ಮನೆಗಳು ಬಿದ್ದುವು. ಇದರ ಕಾರಣವನ್ನು ಲೆಕ್ಕದಿಂದ ತಿಳಿಯಬಹುದು. ನಾಲ್ಕು ಮೀಟರ್ ಅಗಲ, ಐದು ಮೀಟರ್ ಉದ್ದದ ಕೋಣೆಯ ಮಾಳಿಗೆಯ ಮೇಲೆ 30 ಸೆಂಟಿಮೀಟರ್ ಮಣ್ಣು ಇದ್ದರೆ ಅದು ಆರು ಘನಮೀಟರ್ ಆಗುತ್ತದೆ. ಆ ಗಾತ್ರದ ಆರನೆಯ ಒಂದು ಪಾಲಿನಷ್ಟು ನೀರನ್ನು ಮಣ್ಣು ಹೀರಿದರೂ ಜಂತಿಗಳ ಮೇಲೆ ಒಂದು ಟನ್ ಭಾರ ಹೆಚ್ಚುವುದು. ಅದೇ ವೇಳೆಗೆ ನೆನೆದ ಗೋಡೆ ತನ್ನ ಬಲವನ್ನು ಕಳೆದುಕೊಂಡಿರುತ್ತದೆ. ಆದುದರಿಂದ ಮಳೆ ನಿಂತ ಮೇಲೆ ಗೋಡೆ ಬಿದ್ದರೂ ಅದಕ್ಕೆ ಮಳೆಯೇ ಕಾರಣವಾಗಿರಬಹುದು.

ತೇವದ ಕಲೆಗಳಲ್ಲಿಯೂ ಭೇದವುಂಟು. ಮಾಳಿಗೆ ಸೋರಿದ ಕಲೆ ಮೇಲಿನಿಂದ ಇಳಿಯುತ್ತದೆ. ನೆಲದ ತೇವ ಬತ್ತಿಯಲ್ಲಿ ಎಣ್ಣೆ ಏರುವಂತೆ ಕೆಳಗಿನಿಂದ ಏರಿ, ಬಿಳಿಯ ಉಪ್ಪನ್ನು ಬಿಟ್ಟಿರುತ್ತದೆ. ಪ್ರವಾಹದ ನೀರಾದರೋ ಒಳಹೊರಗೆ ಒಂದೇ ಮಟ್ಟದ ಗೆರೆಯನ್ನೂ ರಾಡಿಯನ್ನೂ ಉಳಿಸುತ್ತದೆ.

ಮೂರನೆಯದು ಬಿಸಿಲು. ಹತ್ತು ಮೀಟರ್ ಉದ್ದದ ಕಾಂಕ್ರೀಟ್ ಛಾವಣಿಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಮೂರು ಮಿಲಿಮೀಟರ್ ಹಿಗ್ಗುತ್ತದೆ. ಛಾವಣಿಯ ಕೆಳಗೇ ಅಡ್ಡಲಾಗಿ ಸಾಗುವ ಸೀಳು ಬಹುಮಟ್ಟಿಗೆ ಇದರ ಫಲ.

ಇನ್ನು ಭೂಕಂಪ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತ ಕಲ್ಲುಮಣ್ಣಿನ ದಪ್ಪ ಗೋಡೆಗಳು ಕುಸಿದು ಸಾವಿರಾರು ಜನ ಮಡಿದರು. 2021 ಮತ್ತು 2022ರಲ್ಲಿ ವಿಜಯಪುರ ಜಿಲ್ಲೆಯಲ್ಲಿಯೂ ಲಘು ಕಂಪನಗಳ ಅನುಭವವಾಯಿತು. ಕಿಟಕಿಗಳ ನಡುವಣ ಗೋಡೆಯಲ್ಲಿ ಗುಣಿಸುವ ಚಿಹ್ನೆಯಂತಹ ಬಿರುಕು, ಮೂಲೆಯಲ್ಲಿ ಗೋಡೆಗಳು ಪರಸ್ಪರ ಬೇರ್ಪಡುವುದು ಕಂಪನದ ಕುರುಹುಗಳು. ಆದರೆ ಬಿರುಕಿನೊಳಗೆ ಧೂಳು, ಜೇಡರ ಬಲೆ, ಹಳೆಯ ಸುಣ್ಣ ಇದ್ದರೆ ಅದು ನಿನ್ನೆಯ ಕಂಪನದಿಂದ ಹುಟ್ಟಿದುದಲ್ಲವೆಂದು ತಿಳಿಯಬೇಕು.

ಈ ವಿವೇಚನೆಯಿಂದ ಪ್ರಯೋಜನವೇನು? ಭಾರತದಲ್ಲಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ನೆಲಕುಸಿತ ಮುಂತಾದ ಅಪಾಯಗಳಿಗೆ ರಕ್ಷಣೆಯುಂಟು. ಆದರೆ ಹೊಸ ಕಟ್ಟಡ ಸಹಜವಾಗಿ ಕೂರುವುದರಿಂದ, ವಿನ್ಯಾಸದ ದೋಷದಿಂದ ಅಥವಾ ಕಳಪೆ ಸಾಮಗ್ರಿಯಿಂದ ಆದ ಬಿರುಕುಗಳು ನೆಲಕುಸಿತದ ರಕ್ಷಣೆಗೆ ಸೇರುವುದಿಲ್ಲ. ನೋಡಲು ಒಂದೇ ಬಗೆಯ ಎರಡು ಬಿರುಕುಗಳಲ್ಲಿ ಒಂದಕ್ಕೆ ಹಣ ಸಿಕ್ಕಿ ಇನ್ನೊಂದಕ್ಕೆ ಸಿಗದಿರಬಹುದು.

ಕಾರಣಗಳು ಎರಡಿದ್ದರೆ? 1915ರಲ್ಲಿ ‘ಇಕೇರಿಯ’ ಎಂಬ ಬ್ರಿಟಿಷ್ ಹಡಗು ಟಾರ್ಪೆಡೋ ಏಟು ತಿಂದು ಫ್ರಾನ್ಸಿನ ಲ ಹಾವ್ರ್ ಬಂದರನ್ನು ಸೇರಿತು. ಅಲ್ಲಿ ಗಾಳಿ ಅಲೆಗಳಿಗೆ ಸಿಕ್ಕಿ ಮುಳುಗಿತು. ಸಮುದ್ರದ ಅಪಾಯಕ್ಕೆ ವಿಮೆ ಇತ್ತು, ಯುದ್ಧದ ಹಾನಿಗೆ ಇರಲಿಲ್ಲ. ಕಾಲದಲ್ಲಿ ಕೊನೆಯದಾದ ಕಾರಣಕ್ಕಿಂತ ಪರಿಣಾಮದಲ್ಲಿ ಪ್ರಬಲವಾದುದೇ ನಿಜವಾದ ಕಾರಣವೆಂದು ಪರಿಗಣಿಸಿ, ಟಾರ್ಪೆಡೋವೇ ಹಡಗನ್ನು ಮುಳುಗಿಸಿತೆಂದು 1918ರಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಸಭೆ ತೀರ್ಪಿತ್ತಿತು. ಬಹುಕಾಲದಿಂದ ಸೋರುತ್ತಿದ್ದ ಗೋಡೆ ಒಂದು ಬಿರುಗಾಳಿಯ ರಾತ್ರಿ ಬಿದ್ದಾಗಲೂ ಇದೇ ಬಗೆಯ ಪ್ರಶ್ನೆ ಏಳುತ್ತದೆ.

ಹಾನಿಯಾದ ಕೂಡಲೇ ವಿಮಾ ಸಂಸ್ಥೆಗೆ ತಿಳಿಸತಕ್ಕದ್ದು. ಕಾರಣ ನಿಶ್ಚಯವಾಗಲೆಂದು ಕಾಯಬಾರದು. ಕುಸಿಯುವ ಭಯವಿದ್ದರೆ ಮೊದಲು ಹೊರಗೆ ಬರಬೇಕು. ಅಪಾಯವಿಲ್ಲದಿದ್ದರೆ ಬಿರುಕಿನ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು, ದಿನಾಂಕದೊಡನೆ ಛಾಯಾಚಿತ್ರ ತೆಗೆಯಬೇಕು. ಮಳೆ ಒಳಬಾರದಂತೆ ತಾಡಪತ್ರಿ ಹೊದಿಸಬಹುದು. ಆದರೆ ಸರ್ವೇಯರು ನೋಡುವವರೆಗೆ ಮುರಿದ ಜಂತಿ, ಕಲ್ಲುಗಳನ್ನು ಎಸೆಯಬಾರದು. ನೆರೆಮನೆಗಳನ್ನೂ ನೋಡಬೇಕು: ಕಂಪನವು ಒಂದೇ ಮನೆಯನ್ನು ಆರಿಸಿಕೊಳ್ಳುವುದು ಅಪೂರ್ವ. ಮಳೆಯ ಅಳತೆಯನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದಾಖಲೆಗಳಲ್ಲಿ ಹುಡುಕಬಹುದು. ಬಿರುಕು ಇನ್ನೂ ಚಲಿಸುತ್ತಿದೆಯೇ ಎಂದು ತಿಳಿಯಲು ತೆಳುವಾದ ಗಾಜಿನ ಪಟ್ಟಿಯೊಂದನ್ನು ಅದರ ಮೇಲೆ ಅಡ್ಡಲಾಗಿ, ಎರಡೂ ತುದಿಗಳಲ್ಲಿ ಭದ್ರವಾಗಿ ಅಂಟಿಸುವುದು ಹಳೆಯ, ಸುಲಭವಾದ ಉಪಾಯ. ಗೋಡೆ ಸರಿದರೆ ಗಾಜು ಒಡೆಯುತ್ತದೆ.

ಪರೀಕ್ಷೆಯ ಫಲ ಕೆಲವೊಮ್ಮೆ ನಮಗೆ ಪ್ರತಿಕೂಲವಾಗಿರಬಹುದು. ಆಗಲೂ ಶ್ರಮ ವ್ಯರ್ಥವಲ್ಲ. ಎರೆಯ ನೆಲ ಸೀಳಿದ ಗೋಡೆಗೆ ಎಷ್ಟು ಸಲ ಗಿಲಾವು ಮಾಡಿಸಿದರೂ ಬಿರುಕು ಮರಳಿ ಬರುತ್ತದೆ. ಅಲ್ಲಿ ಚಿಕಿತ್ಸೆ ಬೇಕಾದುದು ಅಡಿಪಾಯಕ್ಕೆ. ಪರಿಹಾರದ ಹಣ ಬರಲಿ, ಬಾರದಿರಲಿ, ಕಾರಣವನ್ನು ಅರಿತವನು ತನ್ನ ಹಣವನ್ನು ಸರಿಯಾದ ಸ್ಥಳದಲ್ಲಿ ವೆಚ್ಚಮಾಡುತ್ತಾನೆ. ಮುಂದಿನ ಮಳೆಗಾಲದಲ್ಲಿ ಅವನ ಮನೆಯವರು ಆ ಸೂರಿನಡಿಯಲ್ಲಿ ನಿರ್ಭಯವಾಗಿ ಮಲಗಬಹುದು.