ತೆನೆಯ ಲೆಕ್ಕದಲ್ಲಿ ಗೈರುಹಾಜರಿಯಿಲ್ಲ

ಕಲ್ಯಾಣ, ಡೊಂಬಿವಲಿಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅಕ್ಕಿಯೆಂದರೆ ಅಂಗಡಿಯ ಚೀಲದಿಂದ ಬರುವ ಪದಾರ್ಥ. ಕೆಸರು, ನೇಜಿ, ಕಳೆ, ಕೊಯ್ಲು ಇವೆಲ್ಲ ಅವರು ಕಥೆಯಲ್ಲಿ ಮಾತ್ರ ಕೇಳಿದ ಮಾತುಗಳು. ಇಂಥ ಮಕ್ಕಳು ಏಸುಕ್ರಿಸ್ತನ ಉಪದೇಶವನ್ನು ಓದಿದರೆ ಅರ್ಧವಷ್ಟೇ ತಿಳಿದೀತು. ಬಿತ್ತುವವನು, ಸಾಸಿವೆಯ ಕಾಳು, ಗೋದಿಯ ನಡುವಣ ಕಳೆ, ದ್ರಾಕ್ಷಿತೋಟದ ಕೂಲಿಯಾಳು: ಆತನು ಹೇಳಿದ ದೃಷ್ಟಾಂತಗಳಲ್ಲಿ ಎಷ್ಟೋ ಬೇಸಾಯಗಾರರ ಬಾಳಿನಿಂದಲೇ ಬಂದವು.

ನಮ್ಮ ಕರಾವಳಿಯ ಕ್ರೈಸ್ತ ಒಕ್ಕಲು ಮನೆಗಳಲ್ಲಿ ಈ ಪಾಠಗಳು ಪುಸ್ತಕಕ್ಕಿಂತ ಮೊದಲು ಗದ್ದೆಯಲ್ಲೇ ದೊರೆಯುತ್ತಿದ್ದವು. ಏಣೆಲು ಬೆಳೆಗೆ ಮುಂಗಾರಿನಲ್ಲಿ ಬೀಜವನ್ನು ಒಂದು ಮಡಿಯಲ್ಲಿ ಒತ್ತಾಗಿ ಬಿತ್ತುವರು. ಕೆಲವು ವಾರಗಳ ಮೇಲೆ ನೇಜಿಯನ್ನು ಕಿತ್ತು ಬೇರೆ ಗದ್ದೆಯಲ್ಲಿ ಅಂತರವಿಟ್ಟು ನೆಡುವರು. ಕಿತ್ತ ಸಸಿ ಮೊದಲ ಕೆಲವು ದಿನ ಬಾಡಿ ಹಳದಿಯಾಗುವುದು; ಬಳಿಕ ಹೊಸ ಬೇರು ಬಿಟ್ಟು ಒಂದೇ ಸಸಿ ಹಲವು ತೆಂಡೆ ಒಡೆಯುವುದು. ಮಣ್ಣಿಗೆ ಬಿದ್ದು ತನ್ನನ್ನು ಕಳೆದುಕೊಂಡ ಕಾಳೇ ಬಹುಫಲ ಕೊಡುತ್ತದೆಂಬ ಸುವಾರ್ತೆಯ ಮಾತಿಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕೆ? ಕಳೆಯ ಪಾಠವೂ ಹೀಗೆಯೇ. ಗದ್ದೆಯ ಕೆಲವು ಹುಲ್ಲುಗಳು ಎಳೆಯದರಲ್ಲಿ ಭತ್ತದಂತೆಯೇ ಕಾಣುವವು. ತೆನೆ ಬಂದಾಗಲೇ ನಿಜ ಬಯಲಾಗುವುದು. ನೆರೆಯವನ ಮೇಲೆ ತೀರ್ಪು ಕೊಡಲು ಅವಸರ ಸಲ್ಲದೆಂಬುದನ್ನು ಗದ್ದೆಯ ಅಂಚಿನಲ್ಲಿ ನಿಂತೇ ಕಲಿಯಬಹುದು.

ಈ ಪಾಠಗಳೆಲ್ಲ ಒಂದುಗೂಡುವುದು ಸಪ್ಟೆಂಬರ್ 8ರಂದು, ಕನ್ಯಾಮರಿಯಮ್ಮನ ಜನ್ಮದಿನದಂದು ಬರುವ ತೆನೆ ಹಬ್ಬದಲ್ಲಿ. ಮನೆಯಲ್ಲಿ ಕೊಂಕಣಿಯಾಡಿ ಕನ್ನಡ ಲಿಪಿಯಲ್ಲಿ ಬರೆಯುವ ಮಂಗಳೂರು ಕಡೆಯ ಕೆಥೋಲಿಕರು ಇದನ್ನು ಮೊಂತಿ ಫೆಸ್ತ್ ಎನ್ನುವರು. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ 1763ರಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದ ಇದನ್ನು ಆರಂಭಿಸಿದರೆಂಬುದು ಪರಂಪರೆಯಿಂದ ಬಂದ ಮಾತು. ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಮಕ್ಕಳು ಹಿತ್ತಲ ಹೂಗಳನ್ನು ಕೊಯ್ದು ತಂದು ಬಾಲಮರಿಯಮ್ಮನಿಗೆ ಅರ್ಪಿಸುವರು. ಹಬ್ಬದ ದಿನ ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುವರು. ಮನೆಯಲ್ಲಿ ಕಾಳು ಸುಲಿದು, ಪುಡಿ ಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಪ್ರಾರ್ಥನೆಯಾದ ಮೇಲೆ ಎಲ್ಲರೂ ಕೂಡಿ ಸೇವಿಸುವರು. ಅಂದಿನ ಊಟ ಬಾಳೆಯೆಲೆಯ ಮೇಲೆ, ಬರಿಯ ತರಕಾರಿಯದು. ತುಳುವರ ಹೊಸ ಅಕ್ಕಿ ಊಟ, ಕೊಡಗಿನ ಹುತ್ತರಿ ಇವನ್ನು ಬಲ್ಲ ವಾಚಕರಿಗೆ ಇದು ಹೊರಗಿನ ಹಬ್ಬವೆಂದು ತೋರದು. ಬೆಳೆದವನು ತಾನು ಉಣ್ಣುವ ಮೊದಲು ಕೊಟ್ಟವನನ್ನು ನೆನೆಯಬೇಕೆಂಬುದು ಮೂರಕ್ಕೂ ಸಮಾನ.

ಈ ಹಬ್ಬದಲ್ಲಿ ನಮ್ಮಂಥ ವಲಸೆಗಾರರ ಮನಸ್ಸನ್ನು ಮುಟ್ಟುವ ಸಂಗತಿ ಇನ್ನೊಂದುಂಟು. ತೆನೆಯನ್ನು ಮನೆಯ ಜನರ ತಲೆಯೆಣಿಕೆಯ ಮೇಲೆ ತರುವ ರೂಢಿಯಿದೆ. ಆ ಎಣಿಕೆಯಲ್ಲಿ ಮುಂಬಯಿಯಲ್ಲಿರುವ ಮಗನೂ, ಕೊಲ್ಲಿಯ ದೇಶದಲ್ಲಿರುವ ಮಗಳೂ ಸೇರುವರು. ಅವರ ಪಾಲಿನ ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವುದುಂಟು. ಕಚೇರಿಯಲ್ಲಿ ದಿನವೂ ಹಾಜರಿ ಪುಸ್ತಕ ತಿರುವುವ ನಮಗೆ ಇದು ಸೋಜಿಗವೆನಿಸುತ್ತದೆ. ನಮ್ಮ ಪುಸ್ತಕದಲ್ಲಿ ಬಾರದವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುವುದು. ತೆನೆಯ ಲೆಕ್ಕದಲ್ಲಿ ಬಾರದವನಿಗೂ ಪಾಲು ತಪ್ಪದು. ನೂರು ಕುರಿಗಳಲ್ಲಿ ಕಾಣದಾದ ಒಂದನ್ನು ಹುಡುಕಿ ಹೊರಟ ಕುರುಬನ ದೃಷ್ಟಾಂತವೂ ಹೇಳುವುದು ಈ ಎಣಿಕೆಯನ್ನೇ.

ನಮ್ಮ ಸುತ್ತಲೂ ಈ ಭಾವನೆ ಇಲ್ಲದಿಲ್ಲ. ಬಾಂದ್ರಾದ ಮೌಂಟ್ ಮೇರಿ ಜಾತ್ರೆ ಇದೇ ಜನ್ಮೋತ್ಸವದ್ದು. ಠಾಣೆ, ವಸಾಯಿ ಕಡೆಯ ಈಸ್ಟ್ ಇಂಡಿಯನ್ ಕ್ರೈಸ್ತರು ಅಕ್ಟೋಬರ್ ತಿಂಗಳಲ್ಲಿ ಆಗೇರಾ ಎಂಬ ಸುಗ್ಗಿಯ ಹಬ್ಬವನ್ನು ಆಚರಿಸಿ ಹೊಸ ಭತ್ತದ ತೆನೆಗಳನ್ನು ಇಗರ್ಜಿಗೆ ಒಯ್ಯುವರು. ನವಿ ಮುಂಬಯಿಯ ಎಷ್ಟೋ ಕಟ್ಟಡಗಳು ಒಂದು ಕಾಲದ ಭತ್ತದ ಗದ್ದೆಗಳ ಮೇಲೆಯೇ ನಿಂತಿವೆ. ಅತ್ತ ಊರಿನಲ್ಲಿಯೂ ಅನೇಕ ಗದ್ದೆಗಳು ಅಡಿಕೆ ತೋಟಗಳಾಗಿವೆ, ನಿವೇಶನಗಳಾಗಿವೆ, ಇಲ್ಲವೆ ಹಡಿಲು ಬಿದ್ದಿವೆ. ಗದ್ದೆಯಿಲ್ಲದ ಮನೆಯವರೂ ಬೇರೆಯವರ ಗದ್ದೆಯ ತೆನೆಯನ್ನೇ ಭಕ್ತಿಯಿಂದ ತರುತ್ತಿದ್ದಾರೆ. ಗದ್ದೆ ಹೋದರೂ ಎಣಿಕೆ ನಿಂತಿಲ್ಲ.

ಆದರೆ ಎಣಿಸುವ ಕೈಗಳಿಗೆ ವಯಸ್ಸಾಗುತ್ತಿದೆ. ಮಕ್ಕಳೆಲ್ಲ ಪರಸ್ಥಳದಲ್ಲಿ, ಊರಿನ ಮನೆಯಲ್ಲಿ ತಾಯಿತಂದೆಗಳಿಬ್ಬರೇ ಎಂಬ ಸ್ಥಿತಿ ಯಾವ ಮತದವರಿಗೂ ಹೊಸದಲ್ಲ. ಊರಿನ ಲೆಕ್ಕದಲ್ಲಿ ನಾವಿದ್ದೇವೆ. ನಮ್ಮ ಲೆಕ್ಕದಲ್ಲಿ ಊರಿನವರು ಇದ್ದಾರೆಯೇ? ಲೋಕಲ್ ಗಾಡಿಯ ನೂಕುನುಗ್ಗಲು, ಮಕ್ಕಳ ಪರೀಕ್ಷೆ, ಮನೆಸಾಲದ ಕಂತು ಇವೆಲ್ಲ ನಿಜವೇ. ಆದರೂ ಲಕೋಟೆ ಬಂದ ದಿನವೇ ಕಾಳು ಮುಟ್ಟಿತೆಂದು ತಿಳಿಸುವುದಕ್ಕೆ ಎರಡು ನಿಮಿಷ ಸಾಕು.

ಹೊಸ ಅಕ್ಕಿಯ ಕಾಲದಲ್ಲಿ ಒಂದು ದಿನವಾದರೂ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣೋಣ. ಎಲೆ ಹಾಕುವ ಮುನ್ನ ದೂರವಿರುವವರ ಹೆಸರುಗಳನ್ನು ಮಕ್ಕಳಿಂದಲೇ ಹೇಳಿಸೋಣ. ಕಿತ್ತು ನೆಟ್ಟ ಸಸಿಗಳು ನಾವು. ತೆಂಡೆ ಒಡೆದುದೇನೋ ಸಂತೋಷವೇ. ಮೊದಲು ಮೊಳೆತ ಮಡಿಗೂ ನಮ್ಮ ತೆನೆಯಲ್ಲಿ ಒಂದು ಪಾಲು ಇರಲಿ.