ಹಿಮ್ಮಡಿ ನೋವು ಬಂದ ಮೇಲೆ ಮತ್ತೆ ಟ್ರೈಲ್ ಓಟ: ಉಸಿರಿನ ಮಾತು ಕೇಳಬೇಡಿ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಓದೋಕೆ ಅನುಕೂಲ ಆಗೋ ಹಾಗೆ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ. ಇಂದಿರಾಪುರಂ, ವೈಶಾಲಿ, ನೋಯ್ಡಾ ಸೆಕ್ಟರ್ 62ರ ಕಡೆ ಇರೋ ನಮ್ಮ ಓಟಗಾರರಿಗೆ ಒಂದು ಆಸೆ ಇದ್ದೇ ಇರುತ್ತೆ: ಒಂದು ಸಲನಾದ್ರೂ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾದ 50 ಕಿ.ಮೀ. ಮುಗಿಸಬೇಕು. ಹೀಗಿರುವಾಗ ಹಿಮ್ಮಡಿ ಮೇಲಿನ ಅಕಿಲಿಸ್ ಟೆಂಡನ್ ಕೈಕೊಟ್ಟರೆ ಏನು ಮಾಡೋದು?

ಮೋಸ ಹೋಗೋದು ಎಲ್ಲಿ?

ಎರಡು ತಿಂಗಳು ಓಟ ಬಿಟ್ಟರೆ ಉಸಿರಿನ ಶಕ್ತಿ ಕಡಿಮೆಯಾಗುತ್ತೆ. ಆದರೆ ಮತ್ತೆ ಶುರು ಮಾಡಿದ ಕೆಲವೇ ವಾರಗಳಲ್ಲಿ ಅದು ತಿರುಗಿ ಬರುತ್ತೆ. ಟೆಂಡನ್ ಹಾಗಲ್ಲ. ಸ್ನಾಯುವಿಗೆ ಹೋಲಿಸಿದರೆ ಅದಕ್ಕೆ ರಕ್ತ ಸಂಚಾರ ಕಮ್ಮಿ, ಗಟ್ಟಿಯಾಗೋಕೆ ತಿಂಗಳುಗಳೇ ಬೇಕು. ಹಾಗಾಗಿ ಆರನೇ ವಾರಕ್ಕೆ ಎದೆ "ಇನ್ನೂ ಐದು ಕಿಲೋಮೀಟರ್ ಹೋಗೋಣ" ಅನ್ನುತ್ತೆ, ಹಿಮ್ಮಡಿ ಇನ್ನೂ ತಯಾರಿರಲ್ಲ. ಎರಡನೇ ಸಲ ಪೆಟ್ಟು ಮಾಡಿಕೊಳ್ಳೋದು ಸಾಮಾನ್ಯವಾಗಿ ಈ ಹಂತದಲ್ಲೇ.

ಬರೀ ವಿಶ್ರಾಂತಿ ಸಾಲದು

1998ರಲ್ಲಿ ಸ್ವೀಡನ್ನಿನ ಮೂಳೆ ತಜ್ಞ ಹಾಕನ್ ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಬಹುಕಾಲದಿಂದ ಅಕಿಲಿಸ್ ನೋವಿದ್ದ 15 ಹವ್ಯಾಸಿ ಕ್ರೀಡಾಪಟುಗಳಿಗೆ 12 ವಾರ ಒಂದೇ ಒಂದು ವ್ಯಾಯಾಮ ಮಾಡಿಸಿದರು. ಹದಿನೈದೂ ಜನ ಮತ್ತೆ ಓಡೋ ಹಾಗಾದರು. ಸಣ್ಣ ಅಧ್ಯಯನವೇ, ಆದರೆ ಫಿಸಿಯೋಗಳು ಇವತ್ತಿಗೂ ಕೊಡೋ ವ್ಯಾಯಾಮದ ಬೇರು ಅದರಲ್ಲಿದೆ.

ಮಾಡೋದು ಹೀಗೆ. ಮೆಟ್ಟಿಲಿನ ಅಂಚಿನ ಮೇಲೆ ಪಾದದ ಮುಂಭಾಗ ಊರಿ ನಿಲ್ಲಿ. ಚೆನ್ನಾಗಿರೋ ಕಾಲಿನಿಂದ ಮೇಲೇಳಿ, ನೋವಿರೋ ಕಾಲಿನ ಮೇಲೆ ಭಾರ ಹಾಕಿ ಹಿಮ್ಮಡಿಯನ್ನ ನಿಧಾನ ಕೆಳಗಿಳಿಸಿ. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಸ್ವಲ್ಪ ಬಗ್ಗಿಸಿ 15ರಂತೆ ಮೂರು ಸಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಒಟ್ಟು ದಿನಕ್ಕೆ 180. ಸುಲಭ ಅನ್ನಿಸಿದ ಮೇಲೆ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಭಾರ ಹೆಚ್ಚಿಸಿ.

ಒಂದು ಎಚ್ಚರ: ಇದು ಟೆಂಡನ್ ಮಧ್ಯದಲ್ಲಿ ನೋವಿರೋರಿಗೆ. ನೋವು ಸರಿಯಾಗಿ ಹಿಮ್ಮಡಿ ಮೂಳೆಗೆ ಅಂಟಿದ ಜಾಗದಲ್ಲೇ ಇದ್ದರೆ ಮೆಟ್ಟಿಲಿನಿಂದ ಕೆಳಗಿಳಿಸಬೇಡಿ, ಸಮತಟ್ಟಾದ ನೆಲದ ಮೇಲೇ ಮಾಡಿ.

ನೋವಿಗೆ ಅಂಕ ಕೊಡಿ

ನೋವು ಪೂರ್ತಿ ಹೋಗೋವರೆಗೂ ಓಡಲೇಬಾರದಾ? ಹಾಗೇನಿಲ್ಲ. 2007ರಲ್ಲಿ ಕಾರಿನ್ ಸಿಲ್ಬರ್ನಾಗೆಲ್ ಮತ್ತು ಸಂಗಡಿಗರು 38 ಜನರನ್ನ ಎರಡು ಗುಂಪು ಮಾಡಿ ನೋಡಿದರು. ಮಿತಿಯೊಳಗೆ ಓಡ್ತಾ, ಜಿಗೀತಾ ವ್ಯಾಯಾಮ ಮಾಡಿದವರಿಗೂ ಮೊದಲ ಆರು ವಾರ ಓಟ ಬಿಟ್ಟವರಿಗೂ ಗುಣ ಆಗೋದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮಿತಿ ಏನು ಅಂದ್ರೆ: ಹತ್ತಕ್ಕೆ ಐದು ಅಂಕದವರೆಗಿನ ನೋವು ಪರವಾಗಿಲ್ಲ, ಮರುದಿನ ಬೆಳಿಗ್ಗೆ ಅದು ಇಳಿದಿರಬೇಕು, ವಾರದಿಂದ ವಾರಕ್ಕೆ ನೋವಾಗಲಿ ಬಿಗಿತವಾಗಲಿ ಏರಬಾರದು. ಹಾಸಿಗೆಯಿಂದ ಎದ್ದು ಇಡೋ ಮೊದಲ ಹತ್ತು ಹೆಜ್ಜೆನೇ ನಿಮ್ಮ ರಿಪೋರ್ಟ್ ಕಾರ್ಡ್.

ಗುಡ್ಡ ಇಲ್ಲದ ಊರಲ್ಲಿ

ಮೊದಲು ಸ್ವರ್ಣ ಜಯಂತಿ ಪಾರ್ಕಿನಂಥ ಸಮತಟ್ಟಾದ ಜಾಗದಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ದಿನ ಬಿಟ್ಟು ದಿನ ಮಾತ್ರ, ಟೆಂಡನ್ನಿಗೆ ನಡುವೆ ಬಿಡುವು ಬೇಕು. ಏರು ಕೊನೆಗಿರಲಿ, ಯಾಕಂದ್ರೆ ಏರು ಹತ್ತುವಾಗಲೇ ಅಕಿಲಿಸ್ ಹೆಚ್ಚು ಎಳೆಯುತ್ತೆ.

ಏರಿಗೆ ನಮ್ಮ ಟವರಿನ ಮೆಟ್ಟಿಲು ಸಾಕು. ಮಹಡಿಗೆ ಸುಮಾರು ಮೂರು ಮೀಟರ್ ಅಂತ ಹಿಡಿದರೆ 15 ಮಹಡಿಗೆ 45 ಮೀಟರ್, ಐದು ಸಲ ಹತ್ತಿದರೆ 225 ಮೀಟರ್. ಪೂರ್ತಿ ಪಾದ ಊರಿ ನಡೆದು ಹತ್ತಿ, ಲಿಫ್ಟಿನಲ್ಲಿ ಇಳೀರಿ. ಎರಡು ಮೂರು ವಾರ ಆದ ಮೇಲೆ ಇಳಿಯೋದನ್ನೂ ಮೆಟ್ಟಿಲಲ್ಲೇ ಮಾಡಿ. ಕಾಫಿ ತೋಟದ ಇಳಿಜಾರಲ್ಲಿ ತೊಡೆ ನಡುಗಬಾರದು ಅಂದ್ರೆ ಇಳಿಯೋ ಅಭ್ಯಾಸವೂ ಬೇಕು. ಆಮೇಲೆ ಒಂದು ಭಾನುವಾರ ಸಂಜಯ್ ವನ, ಇಲ್ಲಾಂದ್ರೆ ಗುರುಗ್ರಾಮದ ಅರಾವಳಿ ಬಯೋಡೈವರ್ಸಿಟಿ ಪಾರ್ಕಿನ ಮಣ್ಣಿನ ದಾರಿ.

ಚಳಿಗಾಲದಲ್ಲಿ ಎಕ್ಯೂಐ 300 ದಾಟಿತು ಅಂದ್ರೆ ಅದು "ಅತಿ ಕಳಪೆ" ಗಾಳಿ. ಆ ದಿನ ಓಟ ಬೇಡ. ಹಿಮ್ಮಡಿ ವ್ಯಾಯಾಮಕ್ಕೆ ಏದುಸಿರು ಬೇಕಿಲ್ಲ, ಅದನ್ನ ಮನೆಯೊಳಗೇ ಮಾಡಿ.

ಹೆಸರು ಕೊಡೋ ಮುಂಚೆ ಲೆಕ್ಕ ಹಾಕಿ

ಏಪ್ರಿಲ್‌ನಲ್ಲಿ ಶುರು ಮಾಡಿದರೆ 12 ವಾರಕ್ಕೆ ಜುಲೈ ಬರುತ್ತೆ. ಆಗ ನಿಮ್ಮ ಕಾಲು 10 ಕಿ.ಮೀ. ಮಾತ್ರ ತಡೀತಿದೆ ಅಂದ್ರೆ ಮಳೆಗಾಲ ಮುಗಿದ ಕೂಡಲೇ 50 ಕಿ.ಮೀ. ಅನ್ನೋದು ನನ್ನ ಪ್ರಕಾರ ಜೂಜು. ಕಾಫಿ ತೋಟ ಎಲ್ಲೂ ಓಡಿಹೋಗಲ್ಲ. ಮುಂದಿನ ವರ್ಷಕ್ಕೆ ಹೆಸರು ಕೊಡಿ, ಈ ವರ್ಷ ಗೆಳೆಯರಿಗೆ ಚಪ್ಪಾಳೆ ಹೊಡೆಯೋಕೆ ಹೋಗಿಬನ್ನಿ.

ಕೊನೆಯದಾಗಿ ಎರಡು ಮಾತು. "ಟಪ್" ಅಂತ ಸದ್ದಾಗಿ, ಆ ಕಾಲಿನ ತುದಿಗಾಲಲ್ಲಿ ನಿಲ್ಲೋಕೆ ಆಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಟೆಂಡನ್ ಹರಿದಿರಬಹುದು. ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಥರದ ಆಂಟಿಬಯಾಟಿಕ್‌ಗಳು ಟೆಂಡನ್ನಿಗೆ ಹಾನಿ ಮಾಡಬಹುದು. ಜ್ವರಕ್ಕೋ ಹೊಟ್ಟೆಗೋ ಔಷಧಿ ಬರೆಸಿಕೊಳ್ಳುವಾಗ ನಿಮ್ಮ ಹಿಮ್ಮಡಿ ವಿಷಯ ಡಾಕ್ಟರಿಗೆ ಹೇಳೋದು ಮರೀಬೇಡಿ.

ಮುಂದಿನ ವಾರ ಮಂಡಿ ನೋವಿನ ಬಗ್ಗೆ ಮಾತಾಡೋಣ. ಅಲ್ಲಿವರೆಗೂ ನಿಧಾನ ಓಡಿ, ಬಹಳ ವರ್ಷ ಓಡಿ.